ಲೂಯಿಸ್ ತಾರುಕ್: ಎರಡು ಆತ್ಮಕಥೆಗಳಲ್ಲಿ ಯಾವುದನ್ನು ನಂಬಬೇಕು?

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿಯ ಬಗ್ಗೆ ಓದುತ್ತಿದ್ದೆ. ಈ ಮ್ಯಾಗ್ಸೆಸೆ ಯಾರು ಎಂದು ಹುಡುಕಹೊರಟೆ. ಫಿಲಿಪೀನ್ಸ್‌ನ ರೈತರ ಹುಕ್ ಬಂಡಾಯವನ್ನು ಹತ್ತಿಕ್ಕಿ ಹೆಸರು ಮಾಡಿ, ಆಮೇಲೆ ಅಧ್ಯಕ್ಷರಾದವರು ಎಂದು ತಿಳಿಯಿತು. ಹಾಗೇ ಹುಕ್‌ಗಳ ನಾಯಕ ಲೂಯಿಸ್ ತಾರುಕ್ ಸಿಕ್ಕರು. ನಮ್ಮ ಓದುಗರ ಬಳಗದಲ್ಲಿ ಅವರ ಬಗ್ಗೆ ಒಂದು ಗಂಟೆ ಮಾತಾಡಲು ಒಪ್ಪಿಕೊಂಡಿದ್ದೇನೆ. ಈಗ ಪೇಚಿಗೆ ಸಿಕ್ಕಿದ್ದೇನೆ. ಒಂದು ಕಡೆ ಜಪಾನಿಯರ ವಿರುದ್ಧ ಹೋರಾಡಿದ ವೀರ, ಇನ್ನೊಂದು ಕಡೆ ಕಮ್ಯುನಿಸ್ಟ್ ಭಯೋತ್ಪಾದಕ. ಅವರೇ ಎರಡು ಆತ್ಮಕಥೆ ಕೊಟ್ಟಿದ್ದಾರೆ, ಎರಡೂ ಒಂದನ್ನೊಂದು ಅಲ್ಲಗಳೆಯುತ್ತವೆ. ಕೊನೆಗೆ ಸರ್ವಾಧಿಕಾರಿ ಮಾರ್ಕೋಸ್‌ಗೆ ಬೆಂಬಲ ಬೇರೆ ಕೊಟ್ಟರಂತೆ. ಇಂಥವರ ಬಗ್ಗೆ ಒಳ್ಳೆಯ ಮಾತಾಡಿದರೆ ಕೊಲೆಗಳನ್ನು ಸಮರ್ಥಿಸಿದ ಹಾಗೆ ಆಗುವುದಿಲ್ಲವೇ? ಯಾರನ್ನು ನಂಬಲಿ?

ಉತ್ತರ: ನಿಮ್ಮ ಪೇಚು ನನಗೆ ಅರ್ಥವಾಗುತ್ತದೆ. ಆಗ್ನೇಯ ಏಷ್ಯಾದ ಇತಿಹಾಸ ಕಲಿಸುವಾಗ ಪ್ರತಿ ತರಗತಿಯಲ್ಲೂ ಯಾರಾದರೂ ಇದನ್ನೇ ಕೇಳುತ್ತಾರೆ: "ಸಾರ್, ಕೊನೆಗೆ ಇವರು ಒಳ್ಳೆಯವರೋ ಕೆಟ್ಟವರೋ?" ನೀವು ಕೇಳಿದ್ದರಲ್ಲಿ ಮೂರು ಪ್ರಶ್ನೆಗಳಿವೆ. ತಾರುಕ್ ಏನು ಮಾಡಿದರು, ಯಾಕೆ ಮಾಡಿದರು, ಆಮೇಲೆ ಅದರ ಬಗ್ಗೆ ಏನು ಹೇಳಿದರು. ಮೂರಕ್ಕೂ ಒಂದೇ ಉತ್ತರ ಹುಡುಕಿದರೆ ಸಿಕ್ಕಿಬೀಳುತ್ತೀರಿ.

ಮೊದಲು ಗಟ್ಟಿ ಸಂಗತಿಗಳು. ತಾರುಕ್ ಹುಟ್ಟಿದ್ದು 1913ರ ಜೂನ್ 21ರಂದು, ಲೂಜಾನ್ ದ್ವೀಪದ ಪಂಪಾಂಗ ಪ್ರಾಂತ್ಯದ ಸಾನ್ ಲೂಯಿಸ್‌ನಲ್ಲಿ. ಮನೆಯವರು ಬಡ ರೈತರು. ಮನಿಲಾದಲ್ಲಿ ಕಾಲೇಜು ಸೇರಿ ಎರಡು ವರ್ಷ ಓದಿದರು. ಮುಂದೆ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ವಾಪಸ್ ಬಂದು ದರ್ಜಿ ಕೆಲಸಕ್ಕೆ ಕೂತರು. ಹಾಗಿದ್ದಾಗಲೇ ಪೆಡ್ರೊ ಅಬಾದ್ ಸಾಂತೋಸ್ ಎಂಬ ಹಿರಿಯರ ಸಹವಾಸವಾಯಿತು.

ಈ ಅಬಾದ್ ಸಾಂತೋಸ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ತಾರುಕ್ ಅವರ ಸಮಾಜವಾದ ಬಂದದ್ದು ಮಾಸ್ಕೋದಿಂದಲ್ಲ, ಇವರ ಮನೆಯಿಂದ. ಸ್ಥಿತಿವಂತ ಮನೆತನ, ವಕೀಲ. ಫಿಲಿಪೀನ್ಸನ್ನು ವಶಪಡಿಸಿಕೊಂಡ ಅಮೆರಿಕದ ವಿರುದ್ಧದ ಯುದ್ಧದಲ್ಲಿ ಯುವಕನಾಗಿ ಹೋರಾಡಿದವರು. ತಮ್ಮ ಹೊಸೆ ಅಬಾದ್ ಸಾಂತೋಸ್ ದೇಶದ ಮುಖ್ಯ ನ್ಯಾಯಮೂರ್ತಿಯಾದರು, 1942ರಲ್ಲಿ ಜಪಾನಿಯರು ಅವರನ್ನು ಗುಂಡಿಟ್ಟು ಕೊಂದರು. ಅಣ್ಣ ಹಿಡಿದ ದಾರಿ ಬೇರೆ. ಸರಳವಾಗಿ ಬದುಕುತ್ತ, ಗೇಣಿದಾರರ ಕೇಸುಗಳನ್ನು ವಾದಿಸುತ್ತ, 1930ರ ದಶಕದಲ್ಲಿ ಸಮಾಜವಾದಿ ಪಕ್ಷ ಕಟ್ಟಿದರು. ಜೊತೆಗೆ ಎಎಂಟಿ ಎಂಬ ಬಡ ದುಡಿಮೆಗಾರರ ಸಂಘವಿತ್ತು. ತಾರುಕ್ ದರ್ಜಿ ಅಂಗಡಿ ಬಿಟ್ಟು ಇದರ ಪೂರ್ಣಾವಧಿ ಸಂಘಟಕರಾದರು. 1938ರಲ್ಲಿ ಸಮಾಜವಾದಿ ಪಕ್ಷ ಮತ್ತು ಕಮ್ಯುನಿಸ್ಟ್ ಪಕ್ಷ ಒಂದಾದವು. ತಾರುಕ್ ಹೆಸರಿನ ಮುಂದೆ ಎರಡೂ ಹಣೆಪಟ್ಟಿ ಕಾಣುವುದು ಅದಕ್ಕೇ.

ಇನ್ನು "ಯಾಕೆ" ಎಂಬ ಪ್ರಶ್ನೆ. ನಿಮ್ಮ ಒಂದು ಗಂಟೆಯಲ್ಲಿ ಅರ್ಧ ಇದಕ್ಕೇ ಕೊಡಿ ಎಂಬುದು ನನ್ನ ಸಲಹೆ.

ಮಧ್ಯ ಲೂಜಾನ್ ಭತ್ತದ ಬಯಲು. ಪಂಪಾಂಗದಲ್ಲಿ ಕಬ್ಬೂ ಇತ್ತು. ಹೆಚ್ಚಿನವರು ಪಾಲಿಗೆ ಮಾಡುವ ರೈತರು. ಅಲ್ಲಿ ಭತ್ತ ಅಳೆಯುವುದು ಕಬಾನ್ ಲೆಕ್ಕದಲ್ಲಿ, ಅಂದರೆ ಹತ್ತಿರ ಹತ್ತಿರ 50 ಕಿಲೋದ ಮೂಟೆ. ಒಬ್ಬ ರೈತ 100 ಮೂಟೆ ಬೆಳೆದ ಅಂದುಕೊಳ್ಳಿ. ಐವತ್ತು ಧಣಿಗೆ ಹೋಯಿತು. ಉಳಿದ ಐವತ್ತರಲ್ಲಿ ಮಳೆಗಾಲದಲ್ಲಿ ತಿನ್ನಲು ತಂದ ಸಾಲ ತೀರಿಸಬೇಕು. ಸಾಲಕ್ಕೆ ಅಲ್ಲಿ ತಕಿಪಾನ್ ಎಂಬ ಪದ್ಧತಿಯಿತ್ತು: ಒಂದು ಮೂಟೆ ತಂದರೆ ಸುಗ್ಗಿಯಲ್ಲಿ ಎರಡು ಕೊಡಬೇಕು. ಸ್ವಲ್ಪ ದಯೆ ಇದ್ದವರು ಎರಡಕ್ಕೆ ಮೂರು ಕೇಳುತ್ತಿದ್ದರು. ಹದಿನೈದು ಮೂಟೆ ಸಾಲ ತಂದಿದ್ದರೆ ಮೂವತ್ತು ಹೋಯಿತು. ಉಳಿದದ್ದು ಇಪ್ಪತ್ತು. ಅದರಲ್ಲೇ ಬೀಜ, ಬಟ್ಟೆ, ಮನೆಮಂದಿಯ ಊಟ. ಸುಗ್ಗಿ ಮುಗಿದು ಕೆಲವೇ ತಿಂಗಳಲ್ಲಿ ಮತ್ತೆ ಧಣಿಯ ಬಾಗಿಲು. ಇದು ವಿವರಿಸಲು ನಾನು ಹಾಕಿದ ಲೆಕ್ಕ, ಬಡ್ಡಿಯ ದರ ಮಾತ್ರ ನಿಜದ್ದು.

ಬಡತನ ಮೊದಲೂ ಇತ್ತಲ್ಲ, 1930ರ ಹೊತ್ತಿಗೇ ಯಾಕೆ ಸಿಡಿಯಿತು ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಹಳೆ ಕಾಲದ ಧಣಿ ಊರಲ್ಲೇ ಇರುತ್ತಿದ್ದ. ಶೋಷಣೆ ಮಾಡುತ್ತಿದ್ದ, ಆದರೆ ಕಷ್ಟಕಾಲಕ್ಕೆ ಬಡ್ಡಿಯಿಲ್ಲದೆ ಭತ್ತವನ್ನೂ ಕೊಡುತ್ತಿದ್ದ. ಅದಕ್ಕೆ ರಸ್ಯೋನ್ ಎನ್ನುತ್ತಿದ್ದರು. ರೈತನ ಮಗುವಿನ ಜ್ಞಾನಸ್ನಾನಕ್ಕೂ ಬರುತ್ತಿದ್ದ. ಮುಂದಿನ ತಲೆಮಾರು ಮನಿಲಾ ಸೇರಿತು. ಜಮೀನು ಅವರಿಗೆ ವ್ಯಾಪಾರವಾಯಿತು. ಬಡ್ಡಿಯಿಲ್ಲದ ಭತ್ತ ನಿಂತಿತು, ಗುಮಾಸ್ತ ಬಂದ, ಲೆಕ್ಕದ ಪುಸ್ತಕ ಬಂತು. ಬೆನೆಡಿಕ್ಟ್ ಕರ್ಕ್‌ವ್ಲಿಯೆಟ್ ಎಂಬ ವಿದ್ವಾಂಸರು ಆ ಹಳ್ಳಿಗಳಲ್ಲಿ ಕೂತು ಹಳೆ ಹುಕ್‌ಗಳನ್ನು ಮಾತಾಡಿಸಿದರು. ಆ ಜನ ಮತ್ತೆ ಮತ್ತೆ ಹೇಳಿದ್ದು ಇದನ್ನೇ. ಕ್ರಾಂತಿಯ ಮಾತು ಕಡಿಮೆ. "ಮೊದಲಿನ ಹಾಗೆ ನಡೆಸಿಕೊಳ್ಳಲಿ" ಎಂಬ ಮಾತು ಜಾಸ್ತಿ.

ಸರ್ಕಾರ ಏನೂ ಮಾಡಲಿಲ್ಲವಾ? ಮಾಡಿತು. 1933ರಲ್ಲಿ ಬೆಳೆ ಸಮಪಾಲು, ಬಡ್ಡಿಗೆ ಮಿತಿ ಎಂದು ಕಾನೂನು ತಂದಿತು. ಅದರಲ್ಲೊಂದು ಕೊಕ್ಕೆ ಇತ್ತು. ಪ್ರಾಂತ್ಯದ ಬಹುಪಾಲು ಪುರಸಭೆಗಳು "ಈ ಕಾನೂನು ನಮಗೆ ಬೇಕು" ಎಂದು ಅರ್ಜಿ ಕೊಟ್ಟರೆ ಮಾತ್ರ ಅದು ಅಲ್ಲಿ ಜಾರಿ. ಪುರಸಭೆಗಳಲ್ಲಿ ಕೂತವರು ಯಾರು? ಧಣಿಗಳು, ಅವರ ನೆಂಟರು. ಅರ್ಜಿ ಬರೆಯುವವರು ಯಾರು ಹೇಳಿ!

ಇಂಥ ನೆಲಕ್ಕೆ ಜಪಾನಿಯರು ಬಂದರು. 1942ರ ಜನವರಿಯಲ್ಲಿ ಮನಿಲಾ ಬಿತ್ತು. ವೃದ್ಧ ಅಬಾದ್ ಸಾಂತೋಸ್ ಸೆರೆಯಾದರು. ಮಾರ್ಚ್ 29ರಂದು, ಅರಾಯತ್ ಬೆಟ್ಟದಿಂದ ಸ್ವಲ್ಪ ದೂರದ ಕಬಿಯಾವ್‌ನ ಕಾಡಂಚಿನಲ್ಲಿ ರೈತ ಮುಖಂಡರು ಸೇರಿ ಹುಕ್‌ಬಾಲಾಹಾಪ್ ಕಟ್ಟಿದರು. ಜಪಾನಿಯರ ವಿರುದ್ಧದ ಜನಸೇನೆ ಎಂದರ್ಥ. ಜನ ಅದನ್ನು ಹುಕ್ ಎಂದು ಮೊಟಕು ಮಾಡಿದರು. ತಾರುಕ್ ಮುಖ್ಯ ದಂಡನಾಯಕ, ವಯಸ್ಸು ಇನ್ನೂ 28. ಅವರ ನಂತರದ ಸ್ಥಾನ ಕಾಸ್ತೊ ಅಲೆಹಾಂದ್ರಿನೊ ಅವರದು. ಇವರು ಅರಾಯತ್‌ನ ಸಮಾಜವಾದಿ ಮೇಯರ್ ಆಗಿದ್ದವರು, ಸ್ವತಃ ಜಮೀನ್ದಾರರ ಮನೆಯ ಮಗ. ಫೆಲಿಪಾ ಕುಲಾಲಾ ಎಂಬ ಹೆಂಗಸು ಮೊದಲ ದಿನದಿಂದಲೇ ದಳ ನಡೆಸುತ್ತಿದ್ದರು. ಮುಂದೆ ಲೂಟಿಯ ಆರೋಪ ಹೊರಿಸಿ ಹುಕ್‌ಗಳೇ ಅವರನ್ನು ಕೊಂದರು. ಇದನ್ನೂ ಹೇಳಿ, ಬಿಡಬೇಡಿ.

ಈಗ ಕಟ್ಟುಕತೆಗಳಿಗೆ ಬರೋಣ.

"ಹುಕ್ ಎಂದರೆ ಕಮ್ಯುನಿಸ್ಟ್ ಪಕ್ಷದ ಸೈನ್ಯ, ಅಷ್ಟೇ." ಅರ್ಧ ಸತ್ಯ. ಮುಂದಾಳುಗಳಲ್ಲಿ ಹಲವರು ಪಕ್ಷದವರು, ನಿಜ. ಆದರೆ ಯುದ್ಧ ಮುಗಿದಾಗ ಪಕ್ಷ ಹೇಳಿದ್ದು ಬಂದೂಕು ಹಿಡಿಯಿರಿ ಎಂದಲ್ಲ, ಚುನಾವಣೆಗೆ ನಿಲ್ಲಿ ಎಂದು. 1946ರಲ್ಲಿ ರೈತರು ಕಾಡು ಸೇರತೊಡಗಿದ ಮೇಲೂ ಪಕ್ಷದ ಮನಿಲಾ ನಾಯಕರು ಹಿಂದೆಮುಂದೆ ನೋಡುತ್ತಿದ್ದರು. ಸಶಸ್ತ್ರ ಹೋರಾಟವೇ ಮುಖ್ಯ ಎಂದು ಅವರು ತೀರ್ಮಾನಿಸಿದ್ದು 1948ರಲ್ಲಿ. ಹಳ್ಳಿ ಮುಂದೆ ಹೋಯಿತು, ಪಕ್ಷ ಹಿಂದಿನಿಂದ ಬಂತು. ತಾರುಕ್ ಈ ಎರಡರ ನಡುವೆ ನಿಂತ ಮನುಷ್ಯ. ಅವರು ಜನರನ್ನು ಕಾಡಿಗೆ ಕರೆದೊಯ್ದರು ಎನ್ನುವುದಕ್ಕಿಂತ, ಜನ ಹೊರಟಾಗ ಹಿಂದುಳಿಯಲಿಲ್ಲ ಎನ್ನುವುದು ಸರಿ ಎಂದು ನನಗನಿಸುತ್ತದೆ.

"ಯುದ್ಧ ಮುಗಿದ ಮೇಲೂ ಸುಮ್ನೆ ಅಧಿಕಾರದ ಆಸೆಗೆ ಬಂಡೆದ್ದರು." ಇದು ಪೂರ್ತಿ ತಪ್ಪು. 1945–46ರಲ್ಲಿ ನಡೆದದ್ದನ್ನು ಸಾಲಾಗಿ ನೋಡಿ. 1945ರ ಫೆಬ್ರವರಿ, ಅಮೆರಿಕನ್ ಸೇನೆ ಮನಿಲಾ ಕಡೆ ನುಗ್ಗುತ್ತಿದೆ, ಹುಕ್‌ಗಳು ಜೊತೆಗೆ ನಿಂತು ಹೋರಾಡುತ್ತಿದ್ದಾರೆ. ಆಗ ಹುಕ್‌ಗಳ 77ನೇ ಸ್ಕ್ವಾಡ್ರನ್ ಮನೆಗಳತ್ತ ಹೊರಟಿತ್ತು. ಬುಲಾಕಾನ್ ಪ್ರಾಂತ್ಯದ ಮಾಲೊಲೊಸ್‌ನಲ್ಲಿ ಅವರನ್ನು ತಡೆದು ಆಯುಧ ಕಿತ್ತುಕೊಂಡರು. ತಡೆದವರು ಜಪಾನಿಯರಲ್ಲ. ಅಮೆರಿಕದ ಪರ ಇದ್ದ ಇನ್ನೊಂದು ಗೆರಿಲ್ಲಾ ಗುಂಪು, ಕರ್ನಲ್ ಆಡೋನಿಯಾಸ್ ಮಕ್ಲಾಂಗ್ ಕಡೆಯವರು. ಗುಂಡಿ ತೋಡಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದು ಅದರಲ್ಲೇ ಹಾಕಿದರು. ಮಕ್ಲಾಂಗ್‌ಗೆ ಶಿಕ್ಷೆಯಾಗಲಿಲ್ಲ. ಅದೇ ತಿಂಗಳು ಅಮೆರಿಕನ್ನರು ತಾರುಕ್ ಮತ್ತು ಅಲೆಹಾಂದ್ರಿನೊ ಅವರನ್ನು ಹಿಡಿದರು, ಆಮೇಲೆ ಪಲಾವಾನ್ ದ್ವೀಪದ ಇವಾಹಿಗ್ ಜೈಲಿಗೆ ಹಾಕಿದರು. ಹುಕ್ ದಳಗಳಲ್ಲಿ ಹೆಚ್ಚಿನವಕ್ಕೆ ಗೆರಿಲ್ಲಾ ಮಾನ್ಯತೆ ಸಿಗಲಿಲ್ಲ, ಹಾಗಾಗಿ ಬಾಕಿ ಸಂಬಳವೂ ಇಲ್ಲ. ಜಪಾನಿಯರ ಕಾಲದಲ್ಲಿ ಮನಿಲಾಕ್ಕೆ ಓಡಿದ್ದ ಧಣಿಗಳು ಬಂದೂಕಿನವರನ್ನು ಕಟ್ಟಿಕೊಂಡು ವಾಪಸ್ ಬಂದು ಹಳೆ ಗೇಣಿ ಕೇಳಿದರು.

ಇಷ್ಟಾದರೂ ತಾರುಕ್ ಚುನಾವಣೆಗೆ ನಿಂತರು. 1946ರ ಏಪ್ರಿಲ್‌ನಲ್ಲಿ ಡೆಮಾಕ್ರಾಟಿಕ್ ಅಲಯನ್ಸ್ ಪಕ್ಷದಿಂದ ಮಧ್ಯ ಲೂಜಾನ್‌ನಲ್ಲಿ ಆರು ಜನ ಗೆದ್ದರು. ತಾರುಕ್ ಅವರಲ್ಲೊಬ್ಬರು. ಆರೂ ಜನಕ್ಕೆ ಸದನದಲ್ಲಿ ಕೂರಲು ಬಿಡಲಿಲ್ಲ. ಬೆದರಿಸಿ ವೋಟು ಹಾಕಿಸಿಕೊಂಡರು ಎಂಬುದು ಕೊಟ್ಟ ಕಾರಣ. ಅಸಲಿ ಲೆಕ್ಕ ಬೇರೆ ಇತ್ತು. ದೇಶದ ಗಣಿ, ಕಾಡು, ಜಮೀನಿನಲ್ಲಿ ಅಮೆರಿಕನ್ನರಿಗೆ ಫಿಲಿಪಿನೊಗಳಷ್ಟೇ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿ ಮುಂದಿತ್ತು. ಅದಕ್ಕೆ ಮುಕ್ಕಾಲು ಪಾಲು ಮತ ಬೇಕು. ಈ ಆರು ಜನ ವಿರುದ್ಧ ಹಾಕುವುದು ಖಚಿತ. ಅವರನ್ನು ಹೊರಗಿಟ್ಟ ಮೇಲೆ ಅದು ಸೆಪ್ಟೆಂಬರ್‌ನಲ್ಲಿ ಕೂದಲೆಳೆ ಅಂತರದಲ್ಲಿ ಪಾಸಾಯಿತು. ಅಷ್ಟರಲ್ಲಿ ಆಗಸ್ಟ್ 24ರಂದು ರೈತ ನಾಯಕ ಹುವಾನ್ ಫೆಲೆಯೊ ಅವರನ್ನು ಸಮವಸ್ತ್ರ ಹಾಕಿದ್ದ ಬಂದೂಕುಧಾರಿಗಳು ದಾರಿಯಲ್ಲಿ ತಡೆದು ಎಳೆದೊಯ್ದರು. ಅವರು ಆಗ ಸರ್ಕಾರದ ಪರವಾಗಿಯೇ ಹಳ್ಳಿಗಳಲ್ಲಿ ಶಾಂತಿ ಮಾತುಕತೆಗೆ ಓಡಾಡುತ್ತಿದ್ದರು. ಕೊಲೆಯಾದರು. ತಾರುಕ್ ಅಧ್ಯಕ್ಷ ರೋಹಾಸ್‌ಗೆ ಪತ್ರ ಬರೆದು ಬೆಟ್ಟ ಹತ್ತಿದರು.

"ಹಾಗಾದರೆ ಹುಕ್‌ಗಳದ್ದು ತಪ್ಪೇ ಇಲ್ಲ." ಇದೂ ಕಟ್ಟುಕತೆ, ಎಡಪಂಥೀಯ ಗೆಳೆಯರಿಗೆ ಪ್ರಿಯವಾದದ್ದು. 1949ರ ಏಪ್ರಿಲ್‌ನಲ್ಲಿ ಮಾಜಿ ಅಧ್ಯಕ್ಷರ ಪತ್ನಿ ಅರೋರಾ ಕೆಸೊನ್, ಅವರ ಮಗಳು, ಅಳಿಯ ಹೊಂಚುದಾಳಿಗೆ ಬಲಿಯಾದರು. ಆರೋಪ ಹುಕ್‌ಗಳ ಮೇಲೆ ಬಂತು. ಮೇಲಿನಿಂದ ಆದೇಶ ಇರಲಿಲ್ಲ ಎಂಬ ವಾದವಿದೆ, ಆದರೆ ಜನರ ಮನಸ್ಸು ಅಂದೇ ಮುರಿಯಿತು. 1950ರ ಆಗಸ್ಟ್‌ನಲ್ಲಿ ತಾರ್ಲಾಕ್‌ನ ಸೇನಾ ಶಿಬಿರಕ್ಕೆ ನುಗ್ಗಿದಾಗ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳನ್ನೂ ಕೊಂದರು. ಆ ಹೊತ್ತಿಗೆ ಹೋರಾಟ ಗೇಣಿಯ ಪ್ರಶ್ನೆ ಬಿಟ್ಟು ಸರ್ಕಾರ ಉರುಳಿಸುವ ಪ್ರಶ್ನೆಯಾಗಿತ್ತು. ಹಳ್ಳಿಯವರು ಅಷ್ಟು ದೂರ ಬರಲು ತಯಾರಿರಲಿಲ್ಲ. "ಯಾಕೆ ಬಂಡೆದ್ದರು" ಎಂದು ವಿವರಿಸುವುದು ಬೇರೆ, "ಮಾಡಿದ್ದೆಲ್ಲ ಸರಿ" ಎನ್ನುವುದು ಬೇರೆ. ಇವೆರಡನ್ನು ಬೇರೆಬೇರೆ ಇಟ್ಟರೆ ನೀವು ಹೆದರಿದ ಆಪಾದನೆ ಬರುವುದಿಲ್ಲ.

"ಮ್ಯಾಗ್ಸೆಸೆ ಬಂಡಾಯಗಾರರಿಗೆ ಜಮೀನು ಹಂಚಿ ಬಂಡಾಯ ಮುಗಿಸಿದರು." ನೀವು ಹೊರಟ ದಾರಿ ಇದೇ ಆದ್ದರಿಂದ ಇದನ್ನು ನೋಡಬೇಕು. ಶರಣಾದವರಿಗೆ ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಜಮೀನು ಕೊಡುವ ಯೋಜನೆ ಇತ್ತು, ಪ್ರಚಾರವೂ ಭರ್ಜರಿ. ಆದರೆ ಅಲ್ಲಿ ನೆಲೆಯಾದ ಕುಟುಂಬಗಳು ಒಟ್ಟು ಸಾವಿರವೂ ಇಲ್ಲ, ಅದರಲ್ಲಿ ಹಳೆ ಹುಕ್‌ಗಳು ಸುಮಾರು ಕಾಲು ಭಾಗ. ಕೆಲಸ ಮಾಡಿದ್ದು ಬೇರೆ ವಿಷಯಗಳು. 1950ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಕಾರ್ಯದರ್ಶಿಯಾದ ಮ್ಯಾಗ್ಸೆಸೆ ಸೈನಿಕರು ಹಳ್ಳಿಯಲ್ಲಿ ಕೋಳಿ, ಭತ್ತ ಕದಿಯುವುದನ್ನು ನಿಲ್ಲಿಸಿದರು. ಹೇಳದೆ ಕೇಳದೆ ಶಿಬಿರಗಳಿಗೆ ಹೋಗಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು. 1951ರ ಚುನಾವಣೆಯನ್ನು ಸೇನೆ ಕಾದು ಹೆಚ್ಚುಕಡಿಮೆ ಸ್ವಚ್ಛವಾಗಿ ನಡೆಸಿತು. ವೋಟಿಗೆ ಬೆಲೆ ಇದೆ ಎಂದು ಅನ್ನಿಸಿದ ಮೇಲೆ ಬಂದೂಕಿನ ವಾದ ಸಡಿಲಾಯಿತು. ಜೊತೆಗೆ ಅಮೆರಿಕದ ದುಡ್ಡು, ಎಡ್ವರ್ಡ್ ಲ್ಯಾನ್ಸ್‌ಡೇಲ್ ಎಂಬ ಅಮೆರಿಕನ್ ಗೂಢಚಾರ ಅಧಿಕಾರಿಯ ತಂತ್ರ, 1950ರ ಅಕ್ಟೋಬರ್‌ನಲ್ಲಿ ಮನಿಲಾದಲ್ಲಿ ಪಕ್ಷದ ಹಿರಿತಲೆಗಳ ಬಂಧನ. ಎಲ್ಲಾ ಸೇರಿತು. ಮ್ಯಾಗ್ಸೆಸೆ ಪ್ರಾಮಾಣಿಕ ಮನುಷ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 1957ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಪ್ರಶಸ್ತಿ ಶುರುವಾದದ್ದು ಅದೇ ವರ್ಷ, ರಾಕ್‌ಫೆಲ್ಲರ್ ಕುಟುಂಬದ ನಿಧಿಯ ಹಣದಿಂದ. ಸುಬ್ಬಣ್ಣನವರ ಕೆಲಸದ ತೂಕ ಇದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

"ತಾರುಕ್ ಸೆರೆಸಿಕ್ಕರು." ಇಲ್ಲ. 1954ರ ಮೇ 17ರಂದು ತಾವೇ ಬಂದರು. ಮಧ್ಯಸ್ಥಿಕೆ ವಹಿಸಿದ್ದು 21 ವರ್ಷದ ಪತ್ರಕರ್ತ ಬೆನಿಗ್ನೊ ಅಕಿನೊ. ಹೌದು, 1983ರಲ್ಲಿ ಮನಿಲಾ ವಿಮಾನ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದ ಅದೇ ಅಕಿನೊ. ತಾರುಕ್ ಆಗಲೇ ಪಕ್ಷದ ನಾಯಕರ ಜೊತೆ ಜಗಳವಾಡಿ ಮೂಲೆಗುಂಪಾಗಿದ್ದರು. ಶಾಂತಿ ಮಾತುಕತೆಯಾಗಲಿ ಎಂದದ್ದೇ ಜಗಳದ ಒಂದು ಕಾರಣ. ಮುಂದೆ ಹದಿನಾಲ್ಕು ವರ್ಷ ಜೈಲು.

ಇನ್ನು ಆ ಎರಡು ಆತ್ಮಕಥೆಗಳು. ಮೊದಲನೆಯದು 1953ರಲ್ಲಿ ಬಂತು, ಅವರಿನ್ನೂ ಬೆಟ್ಟದಲ್ಲಿದ್ದಾಗ. ಅದನ್ನು ಬರೆದು ಕೊಟ್ಟವರು ಹುಕ್‌ಗಳ ಜೊತೆಗಿದ್ದ ಅಮೆರಿಕನ್ ಕಮ್ಯುನಿಸ್ಟ್ ವಿಲಿಯಂ ಪೊಮೆರೋಯ್. ಎರಡನೆಯದು 1967ರದ್ದು, ಜೈಲಿನಿಂದ ಬಂದದ್ದು, ಕ್ಷಮಾದಾನಕ್ಕೆ ಒಂದು ವರ್ಷ ಮೊದಲು. ಇವುಗಳನ್ನು ಬಳಸಲು ನಿಮಗೆ ಮೂರು ದಾರಿ ಇದೆ.

ಮೊದಲನೆಯದನ್ನೇ ಹಿಡಿದು ಮಾತಾಡಬಹುದು. ಬಾಲ್ಯ, ಹಳ್ಳಿ, ಜಪಾನಿಯರ ಕಾಲದ ಹೋರಾಟ ಅದರಲ್ಲಿ ಕಣ್ಣಿಗೆ ಕಟ್ಟುವ ಹಾಗಿವೆ. ಸಭೆಗೆ ಇಷ್ಟವಾಗುತ್ತದೆ. ಅಪಾಯ ಏನೆಂದರೆ, ಪಕ್ಷಕ್ಕೆ ಬೇಕಾದ ಗೆರೆಯನ್ನು ಪೊಮೆರೋಯ್ ಎಳೆದಿದ್ದಾರೆ. ಎಲ್ಲಿ ತಾರುಕ್ ನಿಲ್ಲುತ್ತಾರೆ, ಎಲ್ಲಿ ಪಕ್ಷ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಎರಡನೆಯದನ್ನು ಹಿಡಿದರೆ ಪಕ್ಷದ ಒಳಜಗಳ, ಹುಕ್‌ಗಳ ಕ್ರೌರ್ಯದ ಬಗ್ಗೆ ಬಿಚ್ಚುಮಾತು ಸಿಗುತ್ತದೆ. ತಾನು ಕ್ರೈಸ್ತ ಸಮಾಜವಾದಿ, ಕಮ್ಯುನಿಸಂ ನನಗೆ ಒಗ್ಗಲಿಲ್ಲ ಎನ್ನುತ್ತಾರೆ. ಆದರೆ ಬಿಡುಗಡೆಗೆ ಕಾಯುತ್ತಿರುವ ಕೈದಿಯ ಮಾತು ಅದು. ಸುಳ್ಳೆಂದು ಹೇಳುತ್ತಿಲ್ಲ. ಯಾರು ಓದಲಿ ಎಂದು ಬರೆದದ್ದು ಎಂಬುದು ನೆನಪಿರಲಿ.

ನಾನು ಹಿಡಿಯುವ ದಾರಿ ಮೂರನೆಯದು. ಎರಡು ಪುಸ್ತಕಗಳೂ ಒಪ್ಪುವ ವಿಷಯಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಧಣಿಯ ಬಡ್ಡಿ, ಅಬಾದ್ ಸಾಂತೋಸ್ ಮೇಲಿನ ಗೌರವ, 1945ರ ಅವಮಾನ, 1946ರ ಮೋಸ. ಈ ನಾಲ್ಕರಲ್ಲಿ ಎರಡಕ್ಕೂ ಭೇದವಿಲ್ಲ. ಇದು ಗಟ್ಟಿ ನೆಲ. ಭೇದ ಬರುವುದು ಪಕ್ಷದ ಪಾತ್ರದ ಬಗ್ಗೆ, ಅಲ್ಲಿ ಕರ್ಕ್‌ವ್ಲಿಯೆಟ್ ಕೇಳಿಸಿಕೊಂಡ ಹಳ್ಳಿಯವರ ಮಾತುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಇದರ ತೊಂದರೆ ಒಂದೇ: ಕತೆಯ ಓಟ ಕಮ್ಮಿಯಾಗುತ್ತದೆ, ಅಲ್ಲಲ್ಲಿ ನಿಂತು ವಿವರಿಸಬೇಕಾಗುತ್ತದೆ. ಒಂದು ಗಂಟೆಯ ಮಾತಿಗೆ ಅದು ಪರವಾಗಿಲ್ಲ.

ಮಾರ್ಕೋಸ್ ವಿಷಯ. 1968ರ ಸೆಪ್ಟೆಂಬರ್‌ನಲ್ಲಿ ಕ್ಷಮಾದಾನ ಕೊಟ್ಟದ್ದು ಅಧ್ಯಕ್ಷ ಮಾರ್ಕೋಸ್. 1972ರಲ್ಲಿ ಮಾರ್ಕೋಸ್ ಸೇನಾಡಳಿತ ಹೇರಿದರು, ಒಂದೇ ತಿಂಗಳಲ್ಲಿ ಭೂಸುಧಾರಣೆಯ ಆಜ್ಞೆಯನ್ನೂ ಹೊರಡಿಸಿದರು. ಪಾಲಿಗೆ ಮಾಡುವವನಿಗೇ ಜಮೀನು ಎಂಬ ಮಾತು ತಾರುಕ್ ಜೀವಮಾನವಿಡೀ ಕಾದದ್ದು. ಬೆಂಬಲ ಕೊಟ್ಟರು. ಆಜ್ಞೆ ಭತ್ತ ಮತ್ತು ಮೆಕ್ಕೆಜೋಳದ ಜಮೀನಿಗೆ ಮಾತ್ರ ಇತ್ತು, ಕಬ್ಬು, ತೆಂಗು ಹೊರಗೆ. ಧಣಿಗೆ ಏಳು ಹೆಕ್ಟೇರ್ ಉಳಿಸಿಕೊಳ್ಳಲು ಅವಕಾಶ. ಜಾರಿ ಕುಂಟುತ್ತ ಸಾಗಿತು. ತಾರುಕ್ ಮಾರಿಕೊಂಡರೇ? ನನಗೆ ಹಾಗನಿಸುವುದಿಲ್ಲ. ಬಿಡಿಸಿದವನ ಋಣ, ಹಳೆ ಆಸೆ, ಹಳೆ ಪಕ್ಷದ ಮೇಲಿನ ಸಿಟ್ಟು, ಮೂರೂ ಕೂಡಿದ್ದವು. ಆದರೆ ಸರ್ವಾಧಿಕಾರಿಯ ಪಕ್ಕ ನಿಂತದ್ದು ನಿಂತದ್ದೇ. ಸಭೆಯಲ್ಲಿ ಅದನ್ನು ಮೆತ್ತಗೆ ಮಾಡಬೇಡಿ. ಅವರ ಹಳೆ ಸಂಗಾತಿಗಳಲ್ಲಿ ಅನೇಕರು ಇದನ್ನು ಕ್ಷಮಿಸಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹಳೆ ಹುಕ್ ಯೋಧರಿಗೆ ಪಿಂಚಣಿ, ಮಾನ್ಯತೆ ಕೊಡಿ ಎಂದು ಕೇಳುತ್ತ ಓಡಾಡಿದರು. 2005ರ ಮೇ 4ರಂದು 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊನೆಯದಾಗಿ ಒಂದು ಎಚ್ಚರಿಕೆ, ಅಂಕಿಗಳ ಬಗ್ಗೆ. ಹುಕ್‌ಗಳು ಯುದ್ಧದಲ್ಲಿ 25,000 ಶತ್ರುಗಳನ್ನು ಕೊಂದರು ಎಂಬ ಮಾತು ಎಲ್ಲ ಕಡೆ ಸಿಗುತ್ತದೆ. ಅದು ಹುಕ್‌ಗಳೇ ಹೇಳಿಕೊಂಡ ಲೆಕ್ಕ. ಅದರಲ್ಲಿ ಜಪಾನಿಯರ ಜೊತೆ ಕೈಜೋಡಿಸಿದ ಫಿಲಿಪಿನೊಗಳೂ ಸೇರಿದ್ದಾರೆ. ಬಳಸುವುದಾದರೆ "ಅವರ ಪ್ರಕಾರ" ಎಂದು ಸೇರಿಸಿಯೇ ಹೇಳಿ. ಬಂಡಾಯದ ಕಾಲದಲ್ಲಿ ಸೇನೆ ಕೊಟ್ಟ ಸಾವಿನ ಲೆಕ್ಕಕ್ಕೂ ಇದೇ ಮಾತು. ಸತ್ತವನ ಕೈಯಲ್ಲಿ ಬಂದೂಕು ಇತ್ತೋ ಕುಡುಗೋಲು ಇತ್ತೋ ಎಂದು ಆ ಪಟ್ಟಿಗಳು ಹೇಳುವುದಿಲ್ಲ.